ಮೊದಲ ದುಬಾರಿ ವಾಚು: ಬ್ರ್ಯಾಂಡ್ ಕೇಳುವ ಮೊದಲು

"ಸಾರ್, ಮೂರು ಲಕ್ಷದೊಳಗೆ ಯಾವ ವಾಚು ತಗೊಳ್ಳಲಿ?" ವಾಚು ರಿಪೇರಿ ಮಾಡುವ ನನ್ನ ಕೆಲಸದ ಮೇಜಿನ ಮುಂದೆ ನಿಂತು ಹೀಗೆ ಕೇಳುವವರು ಈಗೀಗ ಜಾಸ್ತಿಯಾಗಿದ್ದಾರೆ. ಕೈಗೆ ಒಳ್ಳೆಯ ಬೋನಸ್ ಬಂದ ಹುಡುಗರು, ಅಳಿಯನಿಗೆ ಏನಾದರೂ ಭಾರಿಯಾಗಿ ಕೊಡಬೇಕೆನ್ನುವ ಮಾವಂದಿರು, ಬಡ್ತಿ ಸಿಕ್ಕ ಖುಷಿಗೆ ತಮಗೇ ಒಂದು ಕೊಂಡುಕೊಳ್ಳಲು ಹೊರಟ ಹೆಣ್ಣುಮಕ್ಕಳು. ನಾನು ಹೆಸರು ಹೇಳುವುದಿಲ್ಲ. ತಿರುಗಿ ಕೇಳುತ್ತೇನೆ: "ಐದಾರು ವರ್ಷ ಆದಮೇಲೆ ಇದನ್ನು ಯಾರ ಹತ್ತಿರ ಬಿಚ್ಚಿಸಿ ಸರ್ವಿಸ್ ಮಾಡಿಸ್ತೀರಿ?"

ಕೇಳಿದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಆದರೆ ವಾಚನ್ನು ಹಿಂದಿನಿಂದ ತೆರೆದು ನೋಡುವವನಿಗೆ ಇದೇ ಮೊದಲ ಪ್ರಶ್ನೆ.

ನಮ್ಮ ಮನೆಗಳಲ್ಲಿ ಈ ಚಿಂತೆ ಇರಲಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಆಮೇಲೆ ಅಪ್ಪ, ಅಜ್ಜಂದಿರ ಕೈಗೆ ಬಂದದ್ದು ಜನತಾ, ಪೈಲಟ್, ಕಾಂಚನ. ಒಳಗೆ 17 ಪುಟ್ಟ ಕೆಂಪು ಕಲ್ಲು ಕೂರಿಸಿದ ಜನತಾ ವಾಚನ್ನು ಬಸ್ ಸ್ಟ್ಯಾಂಡ್ ಎದುರಿನ ಡಬ್ಬಿ ಅಂಗಡಿಯವನೂ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೊಡುತ್ತಿದ್ದ. ಬಿಡಿಭಾಗ ಎಲ್ಲ ಕಡೆ ಸಿಗುತ್ತಿತ್ತು. ವಾಚು ಕೊಳ್ಳುವ ಖರ್ಚು ಒಂದೇ ಸಲ, ಆಮೇಲೆ ಏನಿದ್ದರೂ ಚಿಲ್ಲರೆ ಅನ್ನುವ ಲೆಕ್ಕ ನಮ್ಮ ತಲೆಯಲ್ಲಿ ಅಲ್ಲಿಂದಲೇ ಕೂತಿದೆ.

ದುಬಾರಿ ವಾಚಿಗೆ ಆ ಲೆಕ್ಕ ನಡೆಯುವುದಿಲ್ಲ. ದೊಡ್ಡ ಸ್ವಿಸ್ ಕಂಪನಿಗಳು ಹೊರಗಿನ ರಿಪೇರಿಯವರಿಗೆ ಬಿಡಿಭಾಗ ಕೊಡುವುದನ್ನು ತುಂಬಾ ಬಿಗಿ ಮಾಡಿಬಿಟ್ಟಿವೆ. ನನಗೆ ಕೈಚಳಕ ಇದ್ದರೂ ಸರಿಯಾದ ಚಕ್ರ ಸಿಗದಿದ್ದರೆ ನಾನೇನು ಮಾಡಲಿ? ಕೊನೆಗೆ ವಾಚು ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು. ಅಲ್ಲಿ ಹೆಸರಾಂತ ಬ್ರ್ಯಾಂಡಿನ ಸಾದಾ ಮೂರು ಮುಳ್ಳಿನ ಆಟೋಮ್ಯಾಟಿಕ್ಕಿಗೂ (ಕೈಯ ಅಲುಗಾಟಕ್ಕೇ ಕೀ ತುಂಬಿಕೊಳ್ಳುವ ವಾಚು) ಹಲವು ಹತ್ತು ಸಾವಿರ ರೂಪಾಯಿ ಬಿಲ್ಲು ಬರುವುದು ಮಾಮೂಲು. ಕೆಲವು ಬ್ರ್ಯಾಂಡುಗಳಿಗೆ ಭಾರತದಲ್ಲಿ ಪೂರ್ತಿ ಸರ್ವಿಸ್ ವ್ಯವಸ್ಥೆಯೇ ಇಲ್ಲ, ವಾಚು ವಿಮಾನ ಹತ್ತಬೇಕು. ಹೋಗಿ ಬರಲು ತಿಂಗಳುಗಟ್ಟಲೆ.

"ಚೆನ್ನಾಗಿ ಓಡ್ತಾ ಇದ್ರೆ ಯಾಕೆ ಬಿಚ್ಚಬೇಕು?" ಅಂತ ಕೇಳುವವರಿದ್ದಾರೆ. ಸೆಲ್ ಇಲ್ಲದೆ ಸ್ಪ್ರಿಂಗಿನಿಂದ ಓಡುವ ಇವತ್ತಿನ ಬಹಳಷ್ಟು ಮೆಕ್ಯಾನಿಕಲ್ ವಾಚುಗಳ ಟಿಕ್ ಟಿಕ್ ಬಡಿತ ಗಂಟೆಗೆ 28,800. ದಿನಕ್ಕೆ ಅದು 6,91,200 ಆಗುತ್ತದೆ. ವರ್ಷಕ್ಕೆ 25 ಕೋಟಿ ದಾಟುತ್ತದೆ. ಇಷ್ಟೆಲ್ಲ ಓಡಾಟ ನಡೆಯುವುದು ಸೂಜಿಮೊನೆಯಷ್ಟು ಎಣ್ಣೆಯ ಮೇಲೆ. ಆ ಎಣ್ಣೆ ಕಾಲ ಕಳೆದಂತೆ ಒಣಗುತ್ತದೆ, ಇಲ್ಲವೇ ಜಾಗ ಬಿಟ್ಟು ಹರಿಯುತ್ತದೆ. ವಾಚು ಆಗಲೂ ಓಡುತ್ತಲೇ ಇರುತ್ತದೆ, ಅದೇ ತೊಂದರೆ. ಲೋಹಕ್ಕೆ ಲೋಹ ಉಜ್ಜಿ ಚಕ್ರದ ಸಣ್ಣ ಕಡ್ಡಿಗಳು ಸವೆಯುತ್ತವೆ. ನನ್ನ ಮೇಜಿಗೆ ಬರುವ ಎಷ್ಟೋ ವಾಚುಗಳಲ್ಲಿ ತೊಳೆದು ಮುಗಿಸಬಹುದಾಗಿದ್ದ ಕೆಲಸ ಭಾಗ ಬದಲಿಸುವಲ್ಲಿಗೆ ಬಂದು ನಿಂತಿರುತ್ತದೆ. ರೋಲೆಕ್ಸ್‌ನವರು ತಮ್ಮ ವಾಚಿಗೆ ಸುಮಾರು ಹತ್ತು ವರ್ಷಕ್ಕೊಮ್ಮೆ ಸರ್ವಿಸ್ ಸಾಕು ಅನ್ನುತ್ತಾರೆ. ಬೇರೆಯವಕ್ಕೆ ಐದರಿಂದ ಎಂಟು ವರ್ಷ ಅಂತ ಇಟ್ಟುಕೊಳ್ಳಿ. ಆ ಖರ್ಚನ್ನು ಬೆಲೆಗೆ ಇವತ್ತೇ ಸೇರಿಸಿ. ಆಗಲೂ ಕೈ ನಡುಗದಿದ್ದರೆ ಮುಂದುವರಿಯಿರಿ.

ಇನ್ನು ಒಳಗಿನ ಮಷಿನ್. ಸ್ವಂತ ಕಾರ್ಖಾನೆಯ ಮಷಿನ್ ಇದ್ದರೆ ಮಾತ್ರ ಅಸಲಿ ಲಕ್ಷುರಿ ಅನ್ನುವ ಮಾತು ಯೂಟ್ಯೂಬಿನಲ್ಲಿ ಜೋರಾಗಿದೆ. ನಾನು ಒಪ್ಪುವುದಿಲ್ಲ. ಮಷಿನ್ ಮಾಡಿ ಬೇರೆ ಕಂಪನಿಗಳಿಗೆ ಮಾರುವವರ ಇಟಿಎ 2824, ಸೆಲ್ಲಿಟಾ ಎಸ್‌ಡಬ್ಲ್ಯು 200 ಎಂಬ ಎರಡು ಮಷಿನ್‌ಗಳು ಎಷ್ಟೋ ಬ್ರ್ಯಾಂಡುಗಳ ಡಯಲಿನ ಹಿಂದೆ ಕೂತಿವೆ. ಎರಡರ ಕಟ್ಟೋಣವೂ ಹೆಚ್ಚುಕಮ್ಮಿ ಒಂದೇ. ಗಟ್ಟಿ, ಸರಳ, ಲೋಕದ ಯಾವ ಮೂಲೆಯಲ್ಲೂ ಇವನ್ನು ಬಿಚ್ಚಿ ಜೋಡಿಸಬಲ್ಲವರು ಇದ್ದಾರೆ. ಮೊದಲ ವಾಚಿಗೆ ಇದು ಕೊರತೆಯಲ್ಲ, ಅನುಕೂಲ. ಸ್ವಂತ ಮಷಿನ್ ಚಂದವೇ. ಆದರೆ ಅದನ್ನು ಮುಟ್ಟುವವರು ಆ ಕಂಪನಿಯವರು ಮಾತ್ರ ಅನ್ನುವುದು ಗೊತ್ತಿರಲಿ.

ಮಷಿನ್ ವಿಷಯದಲ್ಲಿ ದಿನನಿತ್ಯ ಅನುಭವಕ್ಕೆ ಬರುವ ವ್ಯತ್ಯಾಸ ಒಂದೇ: ಕೈಯಿಂದ ತೆಗೆದಿಟ್ಟ ಮೇಲೆ ಎಷ್ಟು ಹೊತ್ತು ಓಡುತ್ತದೆ ಅನ್ನುವುದು. ಹಳೆಯ 2824 ಸುಮಾರು 38 ಗಂಟೆ. ಶುಕ್ರವಾರ ಸಂಜೆ ಏಳಕ್ಕೆ ತೆಗೆದಿಟ್ಟರೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಿಲ್ಲುತ್ತದೆ. 70 ಗಂಟೆಯ ಮಷಿನ್ ಆದರೆ ಸೋಮವಾರ ಆಫೀಸಿಗೆ ಹೊರಡುವಾಗ ಇನ್ನೂ ಓಡುತ್ತಿರುತ್ತದೆ. ಟ್ಯೂಡರ್ ಬ್ಲ್ಯಾಕ್ ಬೇ 58ರ ಮೊದಲ ಮಾದರಿಯಲ್ಲಿ 70 ಗಂಟೆ ಇದೆ. ಲಕ್ಷದೊಳಗೆ ಸಿಗುವ ಟಿಸ್ಸಾಟ್ ಪಿಆರ್‌ಎಕ್ಸ್ ಆಟೋಮ್ಯಾಟಿಕ್ಕಿನಲ್ಲಿ ಬಡಿತವನ್ನು ಗಂಟೆಗೆ 21,600ಕ್ಕೆ ಇಳಿಸಿ 80 ಗಂಟೆಗೆ ತಂದಿದ್ದಾರೆ. ವಾರಾಂತ್ಯಕ್ಕೆ ವಾಚು ಬದಲಿಸುವವರಿಗೆ ಇದು ನಿಜವಾದ ಉಪಯೋಗ. ಕಲ್ಲುಗಳ ಸಂಖ್ಯೆಯನ್ನು ಮಾತ್ರ ಎಣಿಸಬೇಡಿ. ಅವು ಉಜ್ಜಾಟ ತಗ್ಗಿಸಲು ಕೂರಿಸಿದ, ಕಾರ್ಖಾನೆಯಲ್ಲಿ ಮಾಡಿದ ಕೆಂಪು ಕಲ್ಲು. ಬೇಕಾದ ಜಾಗದಲ್ಲಿ ಇದ್ದರೆ ಸಾಕು.

ನಿಖರತೆಯ ಬಗ್ಗೆ ಒಂದು ಮಾತು. ನಿಖರತೆಯ ಪರೀಕ್ಷೆ ಪಾಸಾಗಿ ಸ್ವಿಸ್ ಕ್ರೊನೊಮೀಟರ್ ಪ್ರಮಾಣಪತ್ರ ಪಡೆದ ಮೆಕ್ಯಾನಿಕಲ್ ಮಷಿನ್ ಸರಾಸರಿ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗಬಹುದು. ರೋಲೆಕ್ಸ್ ತನಗೆ ತಾನೇ ಹಾಕಿಕೊಂಡ ಮಿತಿ ಎರಡೂ ಕಡೆ 2 ಸೆಕೆಂಡ್. ಸಾವಿರ ಚಿಲ್ಲರೆ ರೂಪಾಯಿಯ ಸೆಲ್ ವಾಚು ತಿಂಗಳಿಗೇ 15-20 ಸೆಕೆಂಡ್ ತಪ್ಪಿದರೆ ಹೆಚ್ಚು. ಅಂದಮೇಲೆ ಸಮಯ ನೋಡುವುದಕ್ಕೆ ಯಾರೂ ಲಕ್ಷ ಕೊಡುವುದಿಲ್ಲ, ಅಲ್ವಾ? ಹಾಗಂತ ಸೆಲ್ ವಾಚು, ಅಂದರೆ ಕ್ವಾರ್ಟ್ಜ್, ಅಂದಕೂಡಲೇ ಮೂಗು ಮುರಿಯಬೇಡಿ. 1969ರ ಡಿಸೆಂಬರ್ 25ರಂದು ಸೀಕೋ ಮಾರುಕಟ್ಟೆಗೆ ಬಿಟ್ಟ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಸ್ವಿಸ್ ಉದ್ಯಮವನ್ನೇ ಅಲ್ಲಾಡಿಸಿತ್ತು. ಗ್ರ್ಯಾಂಡ್ ಸೀಕೋದ 9ಎಫ್ ಕ್ವಾರ್ಟ್ಜ್ ಮಷಿನ್ ವರ್ಷಕ್ಕೆ 10 ಸೆಕೆಂಡ್ ಆಚೀಚೆ ಆಗದಂತೆ ನಡೆಯುತ್ತದೆ. ಕೈಯಲ್ಲಿ ದಿನಾ ಕಟ್ಟದವರಿಗೆ, ಕೀ ಕೊಡುವ ವ್ಯವಧಾನ ಇಲ್ಲದವರಿಗೆ ಒಳ್ಳೆಯ ಕ್ವಾರ್ಟ್ಜೇ ಸರಿ. ಕಾರ್ಟಿಯೆ ಟ್ಯಾಂಕ್‌ನ ಸೆಲ್ ಮಾದರಿ ಕೊಂಡವರು ಪಶ್ಚಾತ್ತಾಪಪಟ್ಟದ್ದನ್ನು ನಾನಂತೂ ಕಂಡಿಲ್ಲ.

ಮೊದಲ ವಾಚಿಗೆ ನಾನು ಬೇಡ ಅನ್ನುವುದು ಕ್ರೊನೊಗ್ರಾಫ್, ಅಂದರೆ ಸ್ಟಾಪ್‌ವಾಚ್ ಸೇರಿದ ವಾಚು. ಡಯಲಿನಲ್ಲಿ ಮೂರು ಪುಟ್ಟ ವೃತ್ತ, ಪಕ್ಕದಲ್ಲಿ ಎರಡು ಬಟನ್, ನೋಡಲು ಗಮ್ಮತ್ತಾಗಿಯೇ ಇರುತ್ತದೆ. ಆದರೆ ವಾಚು ದಪ್ಪ, ಒಳಗೆ ಭಾಗಗಳು ಜಾಸ್ತಿ, ಸರ್ವಿಸ್ ಬಿಲ್ಲೂ ಜಾಸ್ತಿ. ಕೊಂಡವರನ್ನು ಕೇಳಿ ನೋಡಿ, ಆ ಬಟನ್ ಒತ್ತಿದ್ದು ಮೊದಲ ವಾರ ಮಾತ್ರ. ಚಂದ್ರನ ಕಲೆ ತೋರಿಸುವುದು, ಲೀಪ್ ವರ್ಷ ಲೆಕ್ಕ ಹಾಕುವುದು ಇವೆಲ್ಲ ಎರಡನೆಯದೋ ಮೂರನೆಯದೋ ವಾಚಿಗೆ ಇರಲಿ. ಸ್ಟೀಲ್ ಕೇಸು, ಮೂರು ಮುಳ್ಳು, ಬೇಕಿದ್ದರೆ ತಾರೀಖು, ಸುಲಭಕ್ಕೆ ಗೀರು ಬೀಳದ ಸಫೈರ್ ಗಾಜು, 100 ಮೀಟರ್ ನೀರಿನ ರಕ್ಷಣೆ. ಇಷ್ಟಿದ್ದರೆ ಮದುವೆಗೂ ಆಯಿತು, ಮಳೆಗೂ ಆಯಿತು.

100 ಮೀಟರ್ ಅಂದೆ. ಡಯಲಿನ ಮೇಲೆ 30 ಮೀಟರ್ ಅಂತ ಬರೆದದ್ದನ್ನು ನಂಬಿ ಈಜುಕೊಳಕ್ಕೆ ಇಳಿದ ವಾಚುಗಳು ಗಾಜಿನೊಳಗೆ ಮಂಜು ಕಟ್ಟಿಕೊಂಡು ನನ್ನ ಬಳಿ ಬರುತ್ತವೆ. ಆ 30 ಮೀಟರ್ ಪ್ರಯೋಗಾಲಯದ ಒತ್ತಡದ ಲೆಕ್ಕ. ಕೈ ತೊಳೆಯುವಾಗಿನ ಹನಿ ತಡೆಯಲು ಸಾಕು, ಅಷ್ಟೇ. ಬಿಸಿನೀರಿನ ಸ್ನಾನ ಯಾವ ವಾಚಿಗೂ ಒಳ್ಳೆಯದಲ್ಲ, ಒಳಗಿನ ರಬ್ಬರ್ ವಾಶರ್‌ಗಳು ಬೇಗ ಹಾಳಾಗುತ್ತವೆ. ಮಂಗಳೂರು, ಕಾರವಾರದ ಕಡೆಯವರಿಗೆ ಇನ್ನೊಂದು ಮಾತು: ಬೆವರು, ಉಪ್ಪುಗಾಳಿಗೆ ಚರ್ಮದ ಬೆಲ್ಟು ಬಾಳುವುದಿಲ್ಲ. ಸ್ಟೀಲ್ ಚೈನಿನ ಜೊತೆಗೇ ಕೊಳ್ಳಿ. ಆಮೇಲೆ ಕಂಪನಿಯ ಚೈನು ಬೇರೆಯಾಗಿ ಕೊಂಡರೆ ತುಂಬಾ ದುಬಾರಿ ಬೀಳುತ್ತದೆ.

ಅಳತೆಯಲ್ಲಿ ಎಡವುವವರೇ ಜಾಸ್ತಿ. ಎಲ್ಲರೂ 40, 42 ಮಿಲಿಮೀಟರ್ ಅಂತ ಕೇಸಿನ ಅಗಲ ಕೇಳುತ್ತಾರೆ. ಕೈಮೇಲೆ ಕೂರುವುದನ್ನು ನಿರ್ಧರಿಸುವುದು ಅದಲ್ಲ. ಬೆಲ್ಟು ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ ನೋಡಬೇಕು. ಮನೆಯಲ್ಲೇ ಸ್ಕೇಲು ತಗೊಂಡು ಮಣಿಕಟ್ಟಿನ ಮೇಲ್ಭಾಗ ಚಪ್ಪಟೆಯಾಗಿರುವಷ್ಟು ಅಗಲ ಅಳೆಯಿರಿ. ವಾಚಿನ ಆ ಉದ್ದ ಇದನ್ನು ಮೀರಿದರೆ ಕೊಂಬುಗಳು ಕೈಯಿಂದ ಆಚೆ ಚಾಚಿಕೊಳ್ಳುತ್ತವೆ. ಸುಮಾರು ಆರೂವರೆ ಇಂಚಿನ ಮಣಿಕಟ್ಟಿಗೆ 36ರಿಂದ 39 ಮಿಲಿಮೀಟರ್ ಅಗಲದ ಕೇಸು ಚೆನ್ನಾಗಿ ಒಪ್ಪುತ್ತದೆ. "ಚಿಕ್ಕದಾಯ್ತೇನೋ" ಅಂತ ಅನುಮಾನಿಸಬೇಡಿ. ನಮ್ಮ ಅಪ್ಪಂದಿರ ಎಚ್‌ಎಂಟಿಗಳು ಬಹುಪಾಲು ಅದಕ್ಕಿಂತ ಚಿಕ್ಕವು, ಯಾರ ಗತ್ತೂ ಕಡಿಮೆಯಾಗಿರಲಿಲ್ಲ. ದಪ್ಪ 12 ಮಿಲಿಮೀಟರ್ ದಾಟಿದರೆ ಶರ್ಟಿನ ತೋಳಿನ ಪಟ್ಟಿ ಮೇಲೆ ಸಿಕ್ಕಿಕೊಳ್ಳುತ್ತದೆ, ಅದನ್ನೂ ಅಂಗಡಿಯಲ್ಲೇ ಗುಂಡಿ ಹಾಕಿ ನೋಡಿ.

ಎಲ್ಲಿ ಕೊಳ್ಳಬೇಕು? ಮೊದಲ ವಾಚಿಗೆ ಕಂಪನಿಯ ಅಧಿಕೃತ ಅಂಗಡಿಯೇ ಸರಿ. ವಾರಂಟಿ ಕಾರ್ಡಿನಲ್ಲಿ ಅಂಗಡಿ, ತಾರೀಖು, ಸೀರಿಯಲ್ ನಂಬರ್ ಇರಬೇಕು. ಆ ನಂಬರ್ ಕೇಸಿನ ಮೇಲಿರುವುದಕ್ಕೆ ತಾಳೆಯಾಗಬೇಕು. ರೋಲೆಕ್ಸ್, ಟ್ಯೂಡರ್, ಒಮೆಗಾ ಐದು ವರ್ಷದ ವಾರಂಟಿ ಕೊಡುತ್ತವೆ. ನಗದಿನಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳಲು ಅಂಗಡಿಯವರಿಗೆ ಕಾನೂನು ಬಿಡುವುದಿಲ್ಲ, ಆದ್ದರಿಂದ "ಬಿಲ್ ಬೇಡ, ಕ್ಯಾಶ್ ಕೊಡಿ" ಅನ್ನುವವರಿಂದ ದೂರ ಇರಿ. 10 ಲಕ್ಷ ಮೀರಿದ ವಾಚಿಗೆ 2025ರ ಏಪ್ರಿಲ್ 22ರಿಂದ ಶೇ. 1 ಟಿಸಿಎಸ್ (ಮಾರುವಾಗಲೇ ಅಂಗಡಿಯವರು ವಸೂಲಿ ಮಾಡುವ ತೆರಿಗೆ) ಇದೆ. ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ದುಬೈನಿಂದಲೋ ಸಿಂಗಪುರದಿಂದಲೋ ಸ್ನೇಹಿತರ ಕೈಯಲ್ಲಿ ತರಿಸುವವರು ಸುಂಕವನ್ನು ಮರೆತೇಬಿಡುತ್ತಾರೆ. ವಿಮಾನ ನಿಲ್ದಾಣದಲ್ಲಿ ತೋರಿಸಿ ಸುಂಕ ಕಟ್ಟಿದರೆ ಉಳಿತಾಯ ಅಷ್ಟಕ್ಕಷ್ಟೆ, ಕಟ್ಟದೆ ಸಿಕ್ಕಿಬಿದ್ದರೆ ವಾಚೂ ಇಲ್ಲ, ಮರ್ಯಾದೆಯೂ ಇಲ್ಲ. ಇನ್ನೊಂದು ಸಂಗತಿ: ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ಯುರೋಪಿನ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದೆ. ಸ್ವಿಸ್ ವಾಚುಗಳ ಆಮದು ಸುಂಕ ಹಂತ ಹಂತವಾಗಿ ಇಳಿಯಬೇಕು. ಆದರೆ ಸುಂಕ ಇಳಿದಷ್ಟೇ ಅಂಗಡಿ ಬೆಲೆಯೂ ಇಳಿಯುತ್ತದೆ ಅಂತ ಕಾದು ಕೂರಬೇಡಿ. ಕಂಪನಿಗಳು ಬೆಲೆ ಏರಿಸುತ್ತಲೇ ಇರುತ್ತವೆ.

ಸೆಕೆಂಡ್ ಹ್ಯಾಂಡ್ ಬೇಡ ಅಂತಲ್ಲ. ಗೊತ್ತಿದ್ದವರಿಗೆ ಒಳ್ಳೆಯ ದಾರಿ. ಗೊತ್ತಿಲ್ಲದವರು ಅಲ್ಲೇ ಜಾರುವುದು. ಆನ್‌ಲೈನಿನಲ್ಲಿ ಐದಾರು ಸಾವಿರಕ್ಕೆ ಫಳಫಳ ಹೊಳೆಯುವ "ಹಳೆಯ" ಫಾವ್ರೆ ಲ್ಯೂಬಾ, ಎಚ್‌ಎಂಟಿ, ಸೀಕೋ ಕಾಣುತ್ತವಲ್ಲ, ಅವುಗಳಲ್ಲಿ ಬಹಳಷ್ಟರ ಡಯಲಿಗೆ ಹೊಸದಾಗಿ ಬಣ್ಣ ಹೊಡೆದಿರುತ್ತಾರೆ. ಕಂಪನಿ ಎಂದೂ ಮಾಡದ ಗಾಢ ಕಿತ್ತಳೆ, ಗಿಳಿಹಸಿರು, ಸೊಟ್ಟ ಅಕ್ಷರ, ಬೇರೆ ವಾಚಿನ ಮುಳ್ಳು. ಹೊರದೇಶದ ಸಂಗ್ರಾಹಕರು ಇವನ್ನು "ಮುಂಬೈ ಸ್ಪೆಷಲ್" ಅಂತ ಕರೆದು ನಗುತ್ತಾರೆ. ಭೂತಗಾಜಿನಲ್ಲಿ ಅಕ್ಷರದ ಅಂಚು ನೋಡಿ. ಅಸಲಿಯಲ್ಲಿ ಗೆರೆ ಕತ್ತರಿಸಿದ ಹಾಗಿರುತ್ತದೆ, ಬಣ್ಣ ಹೊಡೆದದ್ದರಲ್ಲಿ ಶಾಯಿ ಹರಡಿರುತ್ತದೆ. ದುಬಾರಿ ವಾಚಿನಲ್ಲಿ ಕೇಸಿನ ಅಂಚುಗಳನ್ನು ಗಮನಿಸಿ. ಪಾಲಿಶ್ ಮೇಲೆ ಪಾಲಿಶ್ ಹೊಡೆದರೆ ಚೂಪಾಗಿರಬೇಕಾದ ಅಂಚು ಮೊಂಡಾಗಿ, ಸವೆದ ಸಾಬೂನಿನ ಬಿಲ್ಲೆಯಂತೆ ಕಾಣುತ್ತದೆ. ಹಳೆಯದು ಕೊಳ್ಳುವಾಗ ಗೀರು ಇರುವುದೇ ವಾಸಿ. ಹಣ ಕೊಡುವ ಮೊದಲು ಬ್ಯಾಕ್ ಕವರ್ ತೆಗೆದು ತೋರಿಸಲು ಹೇಳಿ. ಒಪ್ಪದವರಿಂದ ಕೊಳ್ಳಬೇಡಿ.

"ಹೂಡಿಕೆಯೂ ಆಯ್ತಲ್ಲ ಸಾರ್" ಅನ್ನುವವರಿಗೆ ನಾನು 2022 ನೆನಪಿಸುತ್ತೇನೆ. ಪಾಟೆಕ್ ಫಿಲಿಪ್ 2021ರಲ್ಲಿ ನಾಟಿಲಸ್ 5711 ಮಾದರಿ ನಿಲ್ಲಿಸಿದಾಗ ಅದರ ಮರುಮಾರಾಟದ ಬೆಲೆ ಅಂಗಡಿ ಬೆಲೆಯ ಎಷ್ಟೋ ಪಟ್ಟು ಏರಿತ್ತು. ರೋಲೆಕ್ಸ್‌ನ ಹಲವು ಮಾದರಿಗಳೂ ಹಾಗೇ ಜಿಗಿದವು. 2022ರ ಮಧ್ಯದಿಂದ ಇಳಿಯಲು ಶುರುವಾಯಿತು. ತುದಿಯಲ್ಲಿ ಕೊಂಡವರು ಕೈಸುಟ್ಟುಕೊಂಡರು. ಬೆಲೆ ಉಳಿಸಿಕೊಳ್ಳುವುದು ಕೆಲವೇ ಕೆಲವು ಮಾದರಿಗಳು, ಅವು ಮೊದಲ ಸಲ ಅಂಗಡಿಗೆ ಕಾಲಿಟ್ಟವರಿಗೆ ಸಿಗುವುದೂ ಇಲ್ಲ. ಉಳಿದ ವಾಚುಗಳು ಅಂಗಡಿ ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಇನ್ನು, "ಆ ಮಾದರಿ ಬೇಕಾದರೆ ಮೊದಲು ಈ ಎರಡು ಕೊಳ್ಳಿ" ಅಂತ ಯಾರಾದರೂ ಸೂಚಿಸಿದರೆ ನಮಸ್ಕಾರ ಹೇಳಿ ಹೊರಬನ್ನಿ.

ಕೊಂಡಾಯಿತು ಅನ್ನಿ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖು ಬದಲಿಸಬೇಡಿ. ಆಗ ತಾರೀಖಿನ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯಬಹುದು. ಕೆಲವು ಹೊಸ ಮಷಿನ್‌ಗಳಿಗೆ ಈ ತೊಂದರೆ ಇಲ್ಲ, ಆದರೂ ರೂಢಿ ಒಳ್ಳೆಯದು. ಇದ್ದಕ್ಕಿದ್ದಂತೆ ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಗಾಬರಿ ಬೇಡ. ಮುಕ್ಕಾಲು ಪಾಲು ಅದು ಅಯಸ್ಕಾಂತದ ಕೆಲಸ. ಸ್ಪೀಕರ್ ಪಕ್ಕದಲ್ಲೋ, ಟ್ಯಾಬ್ ಕವರಿನ ಮೇಲೋ ಇಟ್ಟಿರುತ್ತೀರಿ. ನಮ್ಮಂಥವರ ಬಳಿ ತಂದರೆ ಬಿಚ್ಚದೆಯೇ ಒಂದು ನಿಮಿಷದಲ್ಲಿ ಸರಿಯಾಗುತ್ತದೆ, ಅದಕ್ಕೆ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ಕೈಗೆ ತಕ್ಕಂತೆ ಚೈನು ಚಿಕ್ಕದು ಮಾಡಿಸಿದಾಗ ತೆಗೆದ ಕೊಂಡಿಗಳನ್ನು ಅಂಗಡಿಯಲ್ಲೇ ಬಿಟ್ಟು ಬರುವವರು ಎಷ್ಟು ಜನ ಗೊತ್ತಾ! ಕೇಳಿ ತಗೊಂಡು ಡಬ್ಬಿಯಲ್ಲಿ ಕಾರ್ಡಿನ ಜೊತೆ ಇಡಿ. ಮುಂದೆ ಮಾರುವಾಗ ಕೊಂಡಿ ಕಡಿಮೆ ಇದ್ದರೆ ಕೊಳ್ಳುವವನು ಮೊದಲು ಅದನ್ನೇ ಹಿಡಿದು ಬೆಲೆ ಇಳಿಸುತ್ತಾನೆ.