ಹೊಸ್ತಿಲ ತನಕದ ಷರತ್ತು: ಐರೋಪ್ಯ ಒಕ್ಕೂಟದ ಬಾಗಿಲಲ್ಲಿ ಮಾನವ ಹಕ್ಕುಗಳು

1991ರ ನವೆಂಬರ್‌ನಲ್ಲಿ ಟರ್ಕಿಯ ರಾಜಧಾನಿ ಅಂಕಾರಾದಲ್ಲಿ ಹೊಸ ಸಂಸದರ ಪ್ರಮಾಣವಚನ ನಡೆದಿತ್ತು. ಆ ಸಂಸತ್ತಿಗೆ ಆರಿಸಿ ಬಂದ ಮೊದಲ ಕುರ್ದಿಷ್ ಮಹಿಳೆ ಲೈಲಾ ಜಾನಾ ಕುರ್ದಿಷ್ ಗುರುತಾದ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿಯನ್ನು ತಲೆಗೆ ಕಟ್ಟಿಕೊಂಡು ಬಂದು, ನಿಯಮದಂತೆ ಟರ್ಕಿಷ್ ಭಾಷೆಯಲ್ಲೇ ಪ್ರಮಾಣ ಸ್ವೀಕರಿಸಿ, ಕೊನೆಗೆ ತಮ್ಮ ತಾಯ್ನುಡಿಯಲ್ಲಿ ಒಂದು ಮಾತು ಸೇರಿಸಿದರು. ಟರ್ಕಿಷ್ ಮತ್ತು ಕುರ್ದಿಷ್ ಜನರ ಸೋದರತ್ವಕ್ಕಾಗಿ ಈ ಪ್ರಮಾಣ ಎಂಬುದು ಅದರ ಸಾರ. ಸದನದಲ್ಲಿ ಗದ್ದಲವೆದ್ದಿತು. 1994ರಲ್ಲಿ ಅವರ ಸಂಸದೀಯ ರಕ್ಷಣೆಯನ್ನು ತೆಗೆದುಹಾಕಿ, ಪ್ರತ್ಯೇಕತಾವಾದಿ ಸಂಘಟನೆಯ ಸದಸ್ಯೆ ಎಂಬ ಆರೋಪದ ಮೇಲೆ 15 ವರ್ಷಗಳ ಸೆರೆವಾಸ ವಿಧಿಸಲಾಯಿತು. ನಮ್ಮ ಸಂಸದರು ಲೋಕಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣ ಸ್ವೀಕರಿಸುವುದನ್ನು ತೀರ ಸಹಜವೆಂದು ನೋಡುವ ನಮಗೆ ಇದು ನಂಬಲಾಗದ ಸಂಗತಿಯಾಗಿ ಕಾಣಬಹುದು.

ಜಾನಾ ಸೆರೆಮನೆಯಿಂದ ಹೊರಬಂದದ್ದು 2004ರ ಜೂನ್ 9ರಂದು. ಅದೇ ದಿನ ಟರ್ಕಿಯ ಸರ್ಕಾರಿ ಪ್ರಸಾರ ಸಂಸ್ಥೆಯು ಕುರ್ದಿಷ್ ಭಾಷೆಯ ಮೊದಲ ಕಾರ್ಯಕ್ರಮವನ್ನು, ಅರ್ಧ ಗಂಟೆಯಷ್ಟರದ್ದು, ಪ್ರಸಾರ ಮಾಡಿತು. ಸರ್ಕಾರದ ಮನಸ್ಸು ಒಮ್ಮೆಲೇ ಕರಗಿತೆಂದು ಯಾರೂ ಭಾವಿಸಲಿಲ್ಲ. ಸದಸ್ಯತ್ವದ ಮಾತುಕತೆಯನ್ನು ಟರ್ಕಿಯೊಂದಿಗೆ ಆರಂಭಿಸಬೇಕೇ ಬೇಡವೇ ಎಂಬುದನ್ನು ಐರೋಪ್ಯ ಒಕ್ಕೂಟವು ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರ್ಮಾನಿಸುವುದಿತ್ತು.

ಸದಸ್ಯತ್ವದ ಆಸೆಯನ್ನು ಮುಂದಿಟ್ಟು ಹಕ್ಕುಗಳ ಸುಧಾರಣೆ ಮಾಡಿಸುವ ಈ ಪದ್ಧತಿ ಒಕ್ಕೂಟದ ಮೂಲ ಒಪ್ಪಂದದಲ್ಲಿ ಇರಲಿಲ್ಲ. 1957ರ ರೋಮ್ ಒಪ್ಪಂದದ 237ನೇ ವಿಧಿ ಹೇಳಿದ್ದು ಇಷ್ಟೇ: ಯುರೋಪಿನ ಯಾವ ದೇಶವೂ ಅರ್ಜಿ ಹಾಕಬಹುದು. ಆದರೆ ಫ್ರಾಂಕೋನ ಸರ್ವಾಧಿಕಾರದಲ್ಲಿದ್ದ ಸ್ಪೇನ್ ಒಳಬರುವ ಸೂಚನೆ ಕಂಡಾಗ, 1962ರ ಜನವರಿಯಲ್ಲಿ ಜರ್ಮನ್ ಸಂಸದ ವಿಲ್ಲಿ ಬಿರ್ಕೆಲ್‌ಬಾಖ್ ಐರೋಪ್ಯ ಸಂಸದೀಯ ಸಭೆಯ ಪರವಾಗಿ ವರದಿಯೊಂದನ್ನು ಮಂಡಿಸಿ, ಪ್ರಜಾಪ್ರಭುತ್ವವನ್ನೂ ಮೂಲಭೂತ ಹಕ್ಕುಗಳನ್ನೂ ಖಾತರಿಪಡಿಸುವ ದೇಶಗಳಿಗೆ ಮಾತ್ರ ಪ್ರವೇಶವಿರಬೇಕು ಎಂದರು. ತಿಂಗಳೊಪ್ಪತ್ತಿನಲ್ಲೇ ಸ್ಪೇನ್‌ನ ಕೋರಿಕೆ ಬಂತು. ಅದು ಮುಂದೆ ಹೋಗಲಿಲ್ಲ. 1967ರ ಏಪ್ರಿಲ್‌ನಲ್ಲಿ ಗ್ರೀಸ್‌ನ ಕರ್ನಲ್‌ಗಳು ಅಧಿಕಾರ ಕಸಿದುಕೊಂಡಾಗ, ಆ ದೇಶದೊಂದಿಗೆ 1961ರಲ್ಲಿ ಆಗಿದ್ದ ಸಹಯೋಗ ಒಪ್ಪಂದವನ್ನು ತಡೆಹಿಡಿಯಲಾಯಿತು. ಸರ್ವಾಧಿಕಾರಗಳು ಬಿದ್ದ ಮೇಲಷ್ಟೇ ಗ್ರೀಸ್ 1981ರಲ್ಲಿ, ಸ್ಪೇನ್ ಮತ್ತು ಪೋರ್ಚುಗಲ್ 1986ರಲ್ಲಿ ಒಳಗೆ ಬಂದವು.

ಬರ್ಲಿನ್ ಗೋಡೆ ಬಿದ್ದು ಪೂರ್ವ ಯುರೋಪಿನ ದೇಶಗಳು ಸಾಲುಗಟ್ಟಿದಾಗ ಮಾತ್ರ ಈ ರೂಢಿಯನ್ನು ಬರಹಕ್ಕಿಳಿಸುವ ಅಗತ್ಯ ಬಿತ್ತು. 1993ರ ಜೂನ್‌ನಲ್ಲಿ ಕೋಪನ್‌ಹೇಗನ್ ಶೃಂಗಸಭೆಯು ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಮಾನವ ಹಕ್ಕು ಮತ್ತು ಅಲ್ಪಸಂಖ್ಯಾತರ ರಕ್ಷಣೆಗೆ ಖಾತರಿ ನೀಡುವ ಸ್ಥಿರ ಸಂಸ್ಥೆಗಳು ಇರಲೇಬೇಕೆಂದು ಹೇಳಿತು; ಮಾರುಕಟ್ಟೆ ಆರ್ಥಿಕತೆ, ಒಕ್ಕೂಟದ ಕಾನೂನುಗಳನ್ನು ಜಾರಿಗೊಳಿಸುವ ಸಾಮರ್ಥ್ಯ ಇವು ಉಳಿದ ಷರತ್ತುಗಳು. ಇಲ್ಲೊಂದು ಕೊಂಕು ಗಮನಿಸಬೇಕು. ಹೊರಗಿನವರಿಂದ 1993ರಲ್ಲೇ ಕೇಳಿದ ಅಲ್ಪಸಂಖ್ಯಾತರ ಹಕ್ಕಿನ ಮಾತು ಒಕ್ಕೂಟದ ಸ್ವಂತ ಒಪ್ಪಂದದ ಮೌಲ್ಯಗಳ ಪಟ್ಟಿಗೆ ಸೇರಿದ್ದು 2009ರಲ್ಲಿ, ಲಿಸ್ಬನ್ ಒಪ್ಪಂದ ಜಾರಿಗೆ ಬಂದಾಗ. ರಾಷ್ಟ್ರೀಯ ಅಲ್ಪಸಂಖ್ಯಾತರ ರಕ್ಷಣೆಯ ಐರೋಪ್ಯ ಒಡಂಬಡಿಕೆಗೆ ಸ್ಥಾಪಕ ಸದಸ್ಯ ಫ್ರಾನ್ಸ್ ಸಹಿಯನ್ನೇ ಹಾಕಿಲ್ಲ.

ಆದರೂ ಮೊದಲ ವರ್ಷಗಳಲ್ಲಿ ಷರತ್ತು ಕೆಲಸ ಮಾಡಿತು. ವ್ಲಾದಿಮಿರ್ ಮೆಚಿಯಾರ್ ಪ್ರಧಾನಿಯಾಗಿದ್ದ ಸ್ಲೊವಾಕಿಯಾವನ್ನು 1997ರಲ್ಲಿ ಪ್ರಜಾಪ್ರಭುತ್ವದ ಕೊರತೆಯ ಕಾರಣಕ್ಕೇ ಮಾತುಕತೆಯ ಮೊದಲ ತಂಡದಿಂದ ಕೈಬಿಡಲಾಯಿತು. ಒಡಹುಟ್ಟಿದಂತಿದ್ದ ಚೆಕ್ ಗಣರಾಜ್ಯ ಮುಂದೆ ಹೋಗಿ ತಾವು ಹಿಂದುಳಿದದ್ದು ಅಲ್ಲಿನ ಮತದಾರರನ್ನು ಚುಚ್ಚದೆ ಇರಲಿಲ್ಲ. 1998ರ ಸೆಪ್ಟೆಂಬರ್‌ನ ಚುನಾವಣೆಯ ನಂತರ ಮೆಚಿಯಾರ್ ಅಧಿಕಾರ ಕಳೆದುಕೊಂಡರು, ಮರುವರ್ಷ ಅಲ್ಪಸಂಖ್ಯಾತ ಭಾಷೆಗಳ ಬಳಕೆಗೆ ಕಾನೂನು ಬಂತು, 2004ರಲ್ಲಿ ಸ್ಲೊವಾಕಿಯಾ ಸದಸ್ಯವಾಯಿತು. ಲಾಟ್ವಿಯಾದಲ್ಲಿ ಸೋವಿಯತ್ ಕಾಲದಲ್ಲಿ ಬಂದು ನೆಲೆಸಿದ್ದ ರಷ್ಯನ್ ಭಾಷಿಕರಲ್ಲಿ ಹೆಚ್ಚಿನವರು ಪೌರತ್ವವಿಲ್ಲದೆ ಉಳಿದಿದ್ದರು. ವಯಸ್ಸಿನ ಗುಂಪುಗಳ ಪ್ರಕಾರ ಸರದಿ ಕಾದು ಪೌರತ್ವ ಕೇಳಬೇಕೆಂಬ ಪದ್ಧತಿಯನ್ನು 1998ರ ಅಕ್ಟೋಬರ್‌ನ ಜನಮತಗಣನೆಯಲ್ಲಿ ಅಲ್ಪ ಬಹುಮತದಿಂದ ರದ್ದುಪಡಿಸಲಾಯಿತು. ರೊಮೇನಿಯಾ ಸಲಿಂಗ ಸಂಬಂಧವನ್ನು ಅಪರಾಧವೆಂದ ತನ್ನ ದಂಡಸಂಹಿತೆಯ 200ನೇ ವಿಧಿಯನ್ನು 2001ರಲ್ಲಿ ಕೈಬಿಟ್ಟಿತು.

ಟರ್ಕಿಯದು ಇವೆಲ್ಲಕ್ಕಿಂತ ಉದ್ದದ ಕಥೆ. 1963ರಲ್ಲೇ ಸಹಯೋಗ ಒಪ್ಪಂದ, 1987ರಲ್ಲಿ ಸದಸ್ಯತ್ವಕ್ಕೆ ಅರ್ಜಿ. ಆದರೆ ಅಭ್ಯರ್ಥಿ ರಾಷ್ಟ್ರವೆಂಬ ಮನ್ನಣೆ ಸಿಕ್ಕಿದ್ದು 1999ರ ಡಿಸೆಂಬರ್‌ನಲ್ಲಿ, ಹೆಲ್ಸಿಂಕಿ ಶೃಂಗಸಭೆಯಲ್ಲಿ. ಅದೇ ವರ್ಷ ಕುರ್ದಿಷ್ ಬಂಡುಕೋರ ನಾಯಕ ಅಬ್ದುಲ್ಲಾ ಓಜಲಾನ್‌ಗೆ ಮರಣದಂಡನೆಯಾಗಿತ್ತು. ಟರ್ಕಿಯಲ್ಲಿ 1984ರ ನಂತರ ಯಾರನ್ನೂ ಗಲ್ಲಿಗೇರಿಸಿರಲಿಲ್ಲವಾದರೂ, ದಶಕಗಳ ಸಂಘರ್ಷದಲ್ಲಿ ಮಕ್ಕಳನ್ನು ಕಳೆದುಕೊಂಡ ಸೈನಿಕರ ಕುಟುಂಬಗಳ ಎದುರಿಗೆ ಈ ಒಬ್ಬನನ್ನು ಉಳಿಸುವ ಕಾನೂನು ತರುವುದು ಯಾವ ಪಕ್ಷಕ್ಕೂ ಹಗುರದ ಮಾತಾಗಿರಲಿಲ್ಲ. ಸಮ್ಮಿಶ್ರ ಸರ್ಕಾರದ ಪಾಲುದಾರನಾಗಿದ್ದ ರಾಷ್ಟ್ರೀಯವಾದಿ ಪಕ್ಷವೇ ವಿರೋಧಿಸಿತು. ಹೀಗಿದ್ದೂ 2002ರ ಆಗಸ್ಟ್ ಮೊದಲ ವಾರದಲ್ಲಿ ಸಂಸತ್ತು ರಾತ್ರಿಯಿಡೀ ಕುಳಿತು, ಶಾಂತಿಕಾಲದ ಮರಣದಂಡನೆಯನ್ನು ರದ್ದುಮಾಡಿ, ಕುರ್ದಿಷ್ ಭಾಷೆಯ ಪ್ರಸಾರಕ್ಕೂ ಖಾಸಗಿ ಕಲಿಕೆಗೂ ಅವಕಾಶ ಕೊಟ್ಟ ಮಸೂದೆಗೆ ಒಪ್ಪಿಗೆ ನೀಡಿತು. ಓಜಲಾನ್ ಶಿಕ್ಷೆ ಜೀವಾವಧಿಗೆ ಇಳಿಯಿತು. 2004ರಲ್ಲಿ ಮರಣದಂಡನೆ ಸಂಪೂರ್ಣ ಹೋಯಿತು, ರಾಜ್ಯ ಭದ್ರತಾ ನ್ಯಾಯಾಲಯಗಳೂ ಹೋದವು. ಅದೇ ಸೆಪ್ಟೆಂಬರ್‌ನಲ್ಲಿ ವ್ಯಭಿಚಾರವನ್ನು ಮತ್ತೆ ಅಪರಾಧವಾಗಿಸಲು ಹೊರಟಿದ್ದ ಎರ್ಡೊಗಾನ್ ಸರ್ಕಾರ, ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಿಂದ ಆಕ್ಷೇಪ ಬಂದ ಮೇಲೆ ಪ್ರಸ್ತಾವವನ್ನು ಹಿಂದಕ್ಕೆ ಪಡೆಯಿತು.

ಕಾನೂನಿನ ಹಾಳೆಯಿಂದ ಬೀದಿಗೆ ಇಳಿಯುವಾಗ ಹಕ್ಕು ಎಷ್ಟು ಸವೆಯುತ್ತದೆ ಎಂಬುದಕ್ಕೆ ಆಗ್ನೇಯ ಟರ್ಕಿಯ ಬಾತ್ಮಾನ್ ಪಟ್ಟಣದ ಕುರ್ದಿಷ್ ಕಲಿಕಾ ಕೇಂದ್ರವೇ ಸಾಕ್ಷಿ. ಭಾಷೆ ಕಲಿಸಲು ಕಾನೂನಿನ ಅಡ್ಡಿ ಇರಲಿಲ್ಲ. ಆದರೆ ಕಟ್ಟಡದ ಬಾಗಿಲು ನಿಯಮಕ್ಕಿಂತ ಕೆಲವು ಸೆಂಟಿಮೀಟರ್ ಕಿರಿದಾಗಿದೆ ಎಂದು ಅನುಮತಿಯನ್ನು ತಡೆಯಲಾಯಿತು. ಬಾಗಿಲನ್ನು ಬದಲಿಸಿದ ಮೇಲೆ 2004ರಲ್ಲಿ ಅದು ತೆರೆಯಿತು; ಇಂಥ ಕೇಂದ್ರಗಳು ಮರುವರ್ಷವೇ ಮುಚ್ಚಿದವು. ಟರ್ಕಿಷ್ ವರ್ಣಮಾಲೆಯಲ್ಲಿ ಇಲ್ಲದ, ಕುರ್ದಿಷ್ ಬರೆಯಲು ಬೇಕೇಬೇಕಾದ ಮೂರು ರೋಮನ್ ಅಕ್ಷರಗಳ ಮೇಲಿನ ನಿರ್ಬಂಧವನ್ನು ಕೈಬಿಡುವುದಾಗಿ ಸರ್ಕಾರ ಹೇಳಿದ್ದು 2013ರಲ್ಲಿ. ಅಲ್ಲಿಯ ತನಕ ಅಧಿಕೃತ ದಾಖಲೆಯಲ್ಲಿ ಮಗುವಿನ ಹೆಸರನ್ನು ತನ್ನ ಭಾಷೆಯ ಕಾಗುಣಿತದಂತೆ ಬರೆಸುವುದಕ್ಕೂ ತಕರಾರು ಇತ್ತು.

2005ರ ಅಕ್ಟೋಬರ್ 3ರಂದು ಟರ್ಕಿಯೊಂದಿಗೆ ಸದಸ್ಯತ್ವದ ಮಾತುಕತೆ ಶುರುವಾಯಿತು. ಅದೇ ದಿನ ಕ್ರೊಯೇಷಿಯಾಕ್ಕೂ ಹಸಿರು ನಿಶಾನೆ ಸಿಕ್ಕಿತು. ಯುದ್ಧಾಪರಾಧದ ಆರೋಪಿ ಜನರಲ್ ಆಂಟೆ ಗೊಟೊವಿನಾನನ್ನು ಹೇಗ್‌ನ ನ್ಯಾಯಮಂಡಳಿಗೆ ಒಪ್ಪಿಸಲು ಸಹಕರಿಸುತ್ತಿಲ್ಲವೆಂದು ಕ್ರೊಯೇಷಿಯಾದ ಮಾತುಕತೆಯನ್ನು ಮಾರ್ಚ್‌ನಿಂದ ಮುಂದೂಡಲಾಗಿತ್ತು. ಡಿಸೆಂಬರ್‌ನಲ್ಲಿ ಕ್ಯಾನರಿ ದ್ವೀಪಗಳಲ್ಲಿ ಆತ ಸಿಕ್ಕಿಬಿದ್ದ, 2011ರಲ್ಲಿ 24 ವರ್ಷಗಳ ಶಿಕ್ಷೆಯಾಯಿತು, 2012ರಲ್ಲಿ ಮೇಲ್ಮನವಿಯಲ್ಲಿ ಖುಲಾಸೆಯಾಯಿತು. ಕ್ರೊಯೇಷಿಯಾ 2013ರ ಜುಲೈ 1ರಂದು ಸದಸ್ಯವಾಯಿತು. ಟರ್ಕಿ ಎಲ್ಲಿತ್ತೋ ಅಲ್ಲೇ ನಿಂತಿತು.

ಕಾರಣ ಮಾನವ ಹಕ್ಕು ಮಾತ್ರವಾಗಿದ್ದರೆ ಕಥೆ ಸರಳವಾಗಿರುತ್ತಿತ್ತು. ಒಕ್ಕೂಟದ ಕಾನೂನುಗಳನ್ನು ವಿಷಯವಾರು ಅಧ್ಯಾಯಗಳಾಗಿ ವಿಂಗಡಿಸಿ ಮಾತುಕತೆ ನಡೆಯುತ್ತದೆ; ಪ್ರತಿಯೊಂದು ಅಧ್ಯಾಯವನ್ನು ತೆರೆಯಲೂ ಮುಚ್ಚಲೂ ಎಲ್ಲ ಸದಸ್ಯ ದೇಶಗಳ ಒಪ್ಪಿಗೆ ಬೇಕು. ಹೀಗಾಗಿ ಯಾರ ಹಳೆಯ ಜಗಳ ಬೇಕಾದರೂ ಷರತ್ತಿನ ವೇಷ ಹಾಕಬಹುದು. ಸೈಪ್ರಸ್‌ನ ಹಡಗುಗಳಿಗೆ ಬಂದರು ತೆರೆಯದ ಕಾರಣಕ್ಕೆ 2006ರಲ್ಲಿ ಟರ್ಕಿಯ ಎಂಟು ಅಧ್ಯಾಯಗಳನ್ನು ತಡೆಹಿಡಿಯಲಾಯಿತು. ಜರ್ಮನಿಯ ಆಂಗೆಲಾ ಮರ್ಕೆಲ್ ಪೂರ್ಣ ಸದಸ್ಯತ್ವದ ಬದಲು ವಿಶೇಷ ಪಾಲುದಾರಿಕೆಯ ಮಾತಾಡಿದರು, ಫ್ರಾನ್ಸ್‌ನ ನಿಕೊಲಾ ಸರ್ಕೋಜಿ ಟರ್ಕಿಗೆ ಒಕ್ಕೂಟದಲ್ಲಿ ಜಾಗವಿಲ್ಲವೆಂದರು. ಮೂಗಿಗೆ ತುಪ್ಪ ಸವರುತ್ತಿದ್ದಾರೆಂಬ ಭಾವನೆ ಅಂಕಾರಾದಲ್ಲಿ ಬಲಿತಂತೆ, ಸುಧಾರಣೆಗಾಗಿ ಒಕ್ಕೂಟದ ಹೆಸರು ಹೇಳಿ ವಾದಿಸುತ್ತಿದ್ದ ಅಲ್ಲಿನ ವಕೀಲರು, ಪತ್ರಕರ್ತರು, ಹಕ್ಕುಗಳ ಸಂಘಟನೆಗಳು ಇವರ ಕೈಯಲ್ಲಿದ್ದ ಹತಾರವೇ ಮೊಂಡಾಯಿತು. ಉತ್ತರ ಮ್ಯಾಸಿಡೋನಿಯಾದ ಅನುಭವವೂ ಬೇರೆಯಲ್ಲ: ಗ್ರೀಸ್‌ನ ಒತ್ತಾಯಕ್ಕೆ 2019ರಲ್ಲಿ ದೇಶದ ಹೆಸರನ್ನೇ ಬದಲಿಸಿಕೊಂಡರೂ, ಅದೇ ವರ್ಷ ಫ್ರಾನ್ಸ್, ಮರುವರ್ಷ ಬಲ್ಗೇರಿಯಾ ಅಡ್ಡಗಾಲು ಹಾಕಿದವು.

ಒಳಗೆ ಬಂದವರ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತೆ, 2004ರಲ್ಲಿ ಎಲ್ಲ ಷರತ್ತು ಪೂರೈಸಿ ಸೇರಿದ ಹಂಗೇರಿಯಲ್ಲಿ 2010ರ ನಂತರ ನ್ಯಾಯಾಂಗ ಮತ್ತು ಮಾಧ್ಯಮದ ಸ್ವಾತಂತ್ರ್ಯ ಕುಗ್ಗಿದಾಗ ಒಕ್ಕೂಟದ ಬಳಿ ಹಳೆಯ ಪಟ್ಟು ಇರಲಿಲ್ಲ. ಇದ್ದದ್ದು, ಮೌಲ್ಯಗಳನ್ನು ಮೀರಿದ ಸದಸ್ಯ ದೇಶದ ಹಕ್ಕುಗಳನ್ನು ಅಮಾನತಿನಲ್ಲಿಡಲು ಅವಕಾಶ ಕೊಡುವ ಒಪ್ಪಂದದ 7ನೇ ವಿಧಿ; 2017ರಲ್ಲಿ ಪೋಲೆಂಡ್, 2018ರಲ್ಲಿ ಹಂಗೇರಿಯ ವಿರುದ್ಧ ಅದರಡಿ ಪ್ರಕ್ರಿಯೆ ಆರಂಭವಾಯಿತು. ಮತದಾನದ ಹಕ್ಕು ಕಿತ್ತುಕೊಳ್ಳುವ ದಾರಿಗೆ ಉಳಿದೆಲ್ಲ ಸದಸ್ಯರ ಒಮ್ಮತ ಬೇಕಾದ್ದರಿಂದ, ಈ ಇಬ್ಬರು ಪರಸ್ಪರ ಬೆನ್ನಿಗೆ ನಿಂತರೆ ಸಾಕಾಗುತ್ತಿತ್ತು. ಕೊನೆಗೆ ಸ್ವಲ್ಪ ಫಲ ಕೊಟ್ಟದ್ದು ದುಡ್ಡು: ಕಾನೂನಿನ ಆಳ್ವಿಕೆಗೆ ಧಕ್ಕೆಯಾದರೆ ಒಕ್ಕೂಟದ ಹಣ ತಡೆಯಬಹುದೆಂಬ, 2021ರಿಂದ ಜಾರಿಗೆ ಬಂದ ನಿಯಮದಡಿ 2022ರ ಡಿಸೆಂಬರ್‌ನಲ್ಲಿ ಹಂಗೇರಿಗೆ ಸಲ್ಲಬೇಕಿದ್ದ ಸುಮಾರು 630 ಕೋಟಿ ಯೂರೊ ತಡೆಹಿಡಿಯಲಾಯಿತು. ಒಳಗೆ ಬಂದ ಮೇಲೆ ಹಿಡಿತ ಸಡಿಲುತ್ತದೆಂಬ ಅರಿವು ಇದಕ್ಕೂ ಮೊದಲೇ ಮೂಡಿತ್ತು: ನ್ಯಾಯಾಂಗ ಮತ್ತು ಮೂಲಭೂತ ಹಕ್ಕುಗಳ 23ನೇ ಅಧ್ಯಾಯ ಹಾಗೂ ಅದರ ಜೊತೆಗಿನ 24ನೇ ಅಧ್ಯಾಯವನ್ನು ಮೊದಲು ತೆರೆದು ಕೊನೆಗೆ ಮುಚ್ಚುವ ಕ್ರಮ 2012ರಲ್ಲಿ ಮಾಂಟೆನೆಗ್ರೊದೊಂದಿಗಿನ ಮಾತುಕತೆಯಿಂದ ಬಂತು.

ಬಾಗಿಲು ನಿಜಕ್ಕೂ ತೆರೆಯುತ್ತದೆಂಬ ನಂಬಿಕೆಯೂ ಆ ನಂಬಿಕೆಯನ್ನು ಹಿಡಿದು ಬೀದಿಗಿಳಿಯುವ ಜನರೂ ಇದ್ದಲ್ಲಿ ಷರತ್ತು ಇಂದಿಗೂ ನಡೆಯುತ್ತದೆ ಎಂದು ನನಗನ್ನಿಸುತ್ತದೆ. 2025ರ ಜುಲೈನಲ್ಲಿ ಭ್ರಷ್ಟಾಚಾರ ತನಿಖಾ ಸಂಸ್ಥೆಗಳ ಸ್ವಾಯತ್ತತೆ ಕಸಿದ ಕಾನೂನನ್ನು, ಯುದ್ಧದ ನಡುವೆಯೂ ಜನ ಪ್ರತಿಭಟಿಸಿ ಬ್ರಸೆಲ್ಸ್ ಎಚ್ಚರಿಸಿದ ಮೇಲೆ, ಉಕ್ರೇನ್ ಹತ್ತು ದಿನದೊಳಗೆ ಸರಿಪಡಿಸಿತು. ಜಾರ್ಜಿಯಾದಲ್ಲಿ ಜನರಿದ್ದರು, ಸರ್ಕಾರಕ್ಕೆ ಒಳಬರುವ ತವಕವಿರಲಿಲ್ಲ: 2023ರ ಡಿಸೆಂಬರ್‌ನಲ್ಲಿ ಅಭ್ಯರ್ಥಿ ಸ್ಥಾನ ಪಡೆದ ದೇಶ ಮರುವರ್ಷದ ನವೆಂಬರ್‌ನಲ್ಲಿ, 2028ರ ಕೊನೆಯವರೆಗೆ ಮಾತುಕತೆಯನ್ನೇ ಕೈಗೆತ್ತಿಕೊಳ್ಳುವುದಿಲ್ಲವೆಂದು ತಾನೇ ಘೋಷಿಸಿತು.

ಟರ್ಕಿಯ ಕಡತ ಮಾತ್ರ ಮುಚ್ಚಿಲ್ಲ. ತೆರೆದ 16 ಅಧ್ಯಾಯಗಳಲ್ಲಿ ತಾತ್ಕಾಲಿಕವಾಗಿ ಮುಗಿದದ್ದು ವಿಜ್ಞಾನ ಮತ್ತು ಸಂಶೋಧನೆಯ ಒಂದೇ ಅಧ್ಯಾಯ. 2016ರ ವಿಫಲ ದಂಗೆಯ ನಂತರದ ಸಾಮೂಹಿಕ ಬಂಧನಗಳನ್ನು ಕಂಡು, 2018ರಲ್ಲಿ ಸದಸ್ಯ ರಾಷ್ಟ್ರಗಳು ಮಾತುಕತೆ ನಿಂತುಹೋಗಿದೆಯೆಂದು ಒಪ್ಪಿಕೊಂಡವು. ನಾಗರಿಕ ಸಂಘಟನೆಗಳ ಮುಂದಾಳು ಉಸ್ಮಾನ್ ಕವಾಲಾರನ್ನು ಬಿಡುಗಡೆ ಮಾಡಬೇಕೆಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿದ್ದರೂ, 2022ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಅಭ್ಯರ್ಥಿ ಎಂಬ ಪದವಿಯನ್ನು ಬ್ರಸೆಲ್ಸ್ ಹಿಂದಕ್ಕೆ ಪಡೆದಿಲ್ಲ, ಅಂಕಾರಾ ಬಿಟ್ಟುಕೊಟ್ಟಿಲ್ಲ. ಟರ್ಕಿಯ ಮಾನವ ಹಕ್ಕುಗಳ ಸ್ಥಿತಿಯ ಕುರಿತು ಐರೋಪ್ಯ ಆಯೋಗದ ವಾರ್ಷಿಕ ವರದಿ ತಪ್ಪದೆ ಬರುತ್ತದೆ, ಅದು ಪಕ್ಷಪಾತದಿಂದ ಕೂಡಿದೆ ಎಂಬ ಟರ್ಕಿಯ ವಿದೇಶಾಂಗ ಸಚಿವಾಲಯದ ಹೇಳಿಕೆಯೂ ಅದರ ಬೆನ್ನಿಗೇ ಬರುತ್ತದೆ.