ಟಾರ್ ಬಂಡೆಗಳ ನೆತ್ತಿಯ ಹೊಂಡಗಳನ್ನು ಕಡೆದವರು ಯಾರು?

ಪ್ರಶ್ನೆ: ಇಂಗ್ಲೆಂಡಿನ ಡಾರ್ಟ್‌ಮೂರ್‌ಗೆ ಚಾರಣ ಹೋಗಿದ್ದೆವು. ಅಲ್ಲಿನ ಗುಡ್ಡಗಳ ತುದಿಯಲ್ಲಿ ಬಂಡೆಗಳನ್ನು ಯಾರೋ ಪೇರಿಸಿಟ್ಟಂತಿದೆ; ಮೇಲೆ ಬೋಗುಣಿಯಂಥ ಹೊಂಡಗಳಿವೆ. ಪ್ರಾಚೀನ ಬ್ರಿಟನ್ನಿನ ಡ್ರುಯಿಡ್ ಪುರೋಹಿತರು ಅವನ್ನು ಬಲಿಗಾಗಿ ಕಡೆದರಂತೆ, ನಿಜವೇ?

ಉತ್ತರ: ನಿಜವಲ್ಲ. ಪ್ರತಿ ಬೇಸಿಗೆ ರಜೆಯ ನಂತರವೂ ತಪ್ಪದೆ ಬರುವ ಈ ಪ್ರಶ್ನೆಗೆ ಈ ಸಲ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಪೇರಿಕೆಯ ವಿಷಯ ಸುಲಭ. ಸುಮಾರು 28 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ತಣಿದು ಗಟ್ಟಿಯಾದ ಗ್ರಾನೈಟ್‌ನಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೀಳುಗಳಾದವು. ಅವುಗಳಲ್ಲಿ ಇಳಿದ ನೀರು ಕಲ್ಲನ್ನು ಶಿಥಿಲಗೊಳಿಸಿತು, ಹಿಮಯುಗದ ಚಳಿ ಅದನ್ನು ಒಡೆಯಿತು, ಸಡಿಲವಾದದ್ದೆಲ್ಲ ಇಳಿಜಾರಿಗೆ ಜಾರಿದ ಮೇಲೆ ಸೀಳು ವಿರಳವಾಗಿದ್ದ ಭಾಗ ಮಾತ್ರ ನೆತ್ತಿಯಲ್ಲಿ ಉಳಿಯಿತು. ಅದೇ ಟಾರ್. ವಾಲಿ ಸುಗ್ರೀವರು ಎಸೆದಾಡಿದರೆಂದು ನಾವು ಕೇಳಿ ಬೆಳೆದ ಹಂಪಿಯ ಗುಂಡುಗಳೂ, ಹಿಮದ ಪಾತ್ರವೊಂದನ್ನು ಬಿಟ್ಟರೆ, ಹೀಗೆಯೇ ಇದ್ದಲ್ಲಿಯೇ ಸವೆದು ಆದವು.

ಹೊಂಡಗಳ ಕಥೆ ಮಾತ್ರ ಹಠಮಾರಿ. 18ನೇ ಶತಮಾನದಲ್ಲಿ ನೆರೆಯ ಕಾರ್ನ್‌ವಾಲ್‌ನ ಪಾದ್ರಿ ವಿಲಿಯಂ ಬೋರ್ಲೇಸ್ ಇಂಥ ಹೊಂಡಗಳು ಡ್ರುಯಿಡರ ಕೆಲಸವೆಂದು ಬರೆದರು. ವಿದ್ವಾಂಸರ ಮಾತಾದ್ದರಿಂದ ಜನ ನಂಬಿದರು. ನಂಬುವ ಮೊದಲು ಕೆಸ್ ಟಾರ್ ಅಥವಾ ಗ್ರೇಟ್ ಮಿಸ್ ಟಾರ್ ಹತ್ತಿ ನೋಡಬೇಕಿತ್ತು. (ಎರಡನೆಯದು ಸೇನೆಯ ತರಬೇತಿ ವಲಯದಲ್ಲಿದೆ, ಕೆಂಪು ಬಾವುಟ ಹಾರುತ್ತಿದ್ದರೆ ಹೋಗಲೇಬಾರದು.) ಸಣ್ಣ ತಗ್ಗಿನಲ್ಲಿ ನಿಂತ ಮಳೆನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುತ್ತ ಕಲ್ಲಿನ ಹರಳುಗಳನ್ನು ಬಿಡಿಸುತ್ತದೆ, ಉದುರಿದ ಹರಳುಗಳನ್ನು ಗಾಳಿಮಳೆ ಹೊರಗೆ ಸಾಗಿಸುತ್ತದೆ. ಹೊಂಡದ ತಳಕ್ಕೆ ಬೆರಳಾಡಿಸಿದರೆ ಆ ಒರಟು ಮರಳು ಸಿಗುತ್ತದೆ. ಅಂಗೈಯಗಲದ ತಗ್ಗಿನಿಂದ ಹಿಡಿದು ಅಂಚೊಡೆದು ಬರಿದಾದ ದೊಡ್ಡ ಹೊಂಡದವರೆಗೆ ಎಲ್ಲ ಹಂತಗಳನ್ನೂ ಈ ಟಾರ್‌ಗಳ ಮೇಲೆ ಕಾಣಬಹುದು. ರಕ್ತ ಹರಿಯುವ ಕಾಲುವೆ ಎಂದು ತೋರಿಸುವುದು ತುಂಬಿದ ನೀರು ಹೊರಬೀಳುವ ಜಾಡು. ಕೈಕಾಲೆರಡನ್ನೂ ಊರಿ ಹತ್ತಬೇಕಾದ ಬಂಡೆಯ ತುದಿಗೆ ಬಲಿಪಶುವನ್ನು ಏರಿಸುತ್ತಿದ್ದುದು ಹೇಗೆಂದು ಕಥೆ ಹೇಳುವವರು ಯೋಚಿಸಿದಂತಿಲ್ಲ.

ಹಾಗಾದರೆ ಮನುಷ್ಯ ನಿಜವಾಗಿ ಕಡೆದದ್ದು ಎಲ್ಲಿದೆ? ಯಾರೂ ಕೇಳದಿದ್ದರೂ ಹೇಳುತ್ತೇನೆ: ಹೇಟಾರ್‌ನ ಬಳಿ. ಅಲ್ಲಿನ ಕಲ್ಲುಗಣಿಯಿಂದ ಬಂಡೆ ಸಾಗಿಸಲು 1820ರಲ್ಲಿ ಆರಂಭವಾದ, ಕುದುರೆಗಳು ಎಳೆಯುತ್ತಿದ್ದ ಬಂಡಿಗಳ ದಾರಿಗೆ ಹಳಿಗಳನ್ನೂ ಗ್ರಾನೈಟ್‌ನಲ್ಲಿಯೇ ಕಡೆದು ಹಾಸಿದರು. 1831ರಲ್ಲಿ ಉದ್ಘಾಟನೆಯಾದ ಲಂಡನ್ ಸೇತುವೆಗೂ ಇಲ್ಲಿಯ ಕಲ್ಲು ಹೋಯಿತು. ಆ ಸೇತುವೆಯ ಕಲ್ಲುಗಳು ಈಗ ಅಮೆರಿಕದ ಅರಿಜೋನಾದಲ್ಲಿವೆ. ಹಳಿಗಳು ಇನ್ನೂ ಹೇಟಾರ್‌ನ ಹುಲ್ಲಿನಲ್ಲೇ ಉಳಿದಿವೆ, ಅವುಗಳ ಗುಂಟ ಗಣಿಯವರೆಗೆ ನಡೆಯಬಹುದು.