ಫೋಟೋ ನೋಡಿ ಮಾವಿನ ತೂಕ ಹೇಳಬಹುದಾ?

ಶ್ರೀನಿವಾಸಪುರದ ಕಡೆ ಎಷ್ಟೋ ತೋಪುಗಳ ಫಸಲು ಕಾಯಿ ಮರದಲ್ಲಿರುವಾಗಲೇ ವ್ಯಾಪಾರಿಯ ಪಾಲಾಗುತ್ತದೆ. ಅವನು ಮರ ನೋಡಿ ಒಂದು ಅಂದಾಜು ಹೇಳುತ್ತಾನೆ, ರೈತ ಚೌಕಾಸಿ ಮಾಡುತ್ತಾನೆ. ಇಬ್ಬರದ್ದೂ ಕಣ್ಣಳತೆಯೇ. ಈ ಕೆಲಸವನ್ನು ಕ್ಯಾಮೆರಾ ಮಾಡಬಲ್ಲದು. ಆದರೆ ಉದ್ದ ಅಳೆದಷ್ಟು ಸುಲಭವಾಗಿ ತೂಕ ಸಿಗುವುದಿಲ್ಲ.

ಮೇಜಿನ ಮೇಲೆ ನೀಲಿ ಹಾಳೆ ಹಾಸಿ ಒಂದು ಬಾದಾಮಿ ಮಾವಿನ ಹಣ್ಣಿಡಿ. ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಡಿ. ನೇರ ಮೇಲಿನಿಂದ ಫೋಟೋ ತೆಗೆಯಿರಿ. ಯಾವ ಪಿಕ್ಸೆಲ್ ಹಣ್ಣಿನದು, ಯಾವುದು ಹಾಳೆಯದು ಅಂತ ಪ್ರೋಗ್ರಾಂ ಬಣ್ಣ ನೋಡಿಯೇ ವಿಂಗಡಿಸುತ್ತದೆ. ದಟ್ಟ ನೆರಳು ಬಿದ್ದರೆ ಅದೂ ಹಣ್ಣಿನ ಲೆಕ್ಕಕ್ಕೆ ಸೇರಿಬಿಡಬಹುದು, ಹಾಗಾಗಿ ಬೆಳಕು ಎಲ್ಲ ಕಡೆಯಿಂದ ಬರಬೇಕು. ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಫೋಟೋದಲ್ಲಿ ಅದು 270 ಪಿಕ್ಸೆಲ್ ಇದ್ದರೆ 10 ಪಿಕ್ಸೆಲ್‌ಗೆ ಒಂದು ಮಿಲಿಮೀಟರ್. ಈ ಲೆಕ್ಕದಲ್ಲಿ ಹಣ್ಣನ್ನು ಅಳೆದರೆ ಆಯಿತು.

ಆಗಲಿಲ್ಲ. ನಾಣ್ಯ ಮೇಜಿನ ಮೇಲೆ ಮಲಗಿದೆ, ಹಣ್ಣಿನ ಸೊಂಟ ಮೇಜಿನಿಂದ ಸುಮಾರು 4 ಸೆಂಟಿಮೀಟರ್ ಮೇಲಿದೆ. ಕ್ಯಾಮೆರಾದಿಂದ ನಾಣ್ಯಕ್ಕೆ 50 ಸೆಂಟಿಮೀಟರ್ ಇದ್ದರೆ ಹಣ್ಣಿನ ಸೊಂಟಕ್ಕೆ 46 ಮಾತ್ರ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಹಣ್ಣಿನ ಅಳತೆ ಸುಮಾರು ಶೇ 9ರಷ್ಟು ಜಾಸ್ತಿ ಬರುತ್ತದೆ. ಶೇ 9 ತಾನೇ ಅಂತ ಬಿಡುವ ಹಾಗಿಲ್ಲ. ಉದ್ದ, ಅಗಲ, ದಪ್ಪ ಮೂರರಲ್ಲೂ ಇದೇ ತಪ್ಪು ಸೇರಿದರೆ ತೂಕ ಶೇ 28ರಷ್ಟು ಹೆಚ್ಚಾಗಿಬಿಡುತ್ತದೆ! ಪರಿಹಾರ ಮಾತ್ರ ತುಂಬ ಸರಳ. ನಾಣ್ಯವನ್ನು ಪುಟ್ಟ ಡಬ್ಬಿಯ ಮೇಲಿಟ್ಟು ಹಣ್ಣಿನ ಸೊಂಟದ ಎತ್ತರಕ್ಕೆ ತಂದರೆ ಸಾಕು.

ಇನ್ನು ದಪ್ಪ. ಮಾವು ಚಪ್ಪಟೆ ಬದಿಗೆ ಮಲಗುವುದರಿಂದ ಮೇಲಿನ ಫೋಟೋದಲ್ಲಿ ಅದು ಕಾಣುವುದೇ ಇಲ್ಲ. ಪಕ್ಕದಿಂದ ಇನ್ನೊಂದು ಫೋಟೋ ಬೇಕು. 11, 8, 7 ಸೆಂಟಿಮೀಟರ್ ಬಂತು ಅನ್ನೋಣ. ಮೂರನ್ನೂ ಗುಣಿಸಿ 0.52ರಿಂದ ಗುಣಿಸಿದರೆ ಸುಮಾರು 320 ಘನ ಸೆಂಟಿಮೀಟರ್. ಮಾವಿನ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ, ಹಾಗಾಗಿ ತೂಕ 320 ಗ್ರಾಂ ಆಸುಪಾಸು. ಇದು ಮೊಟ್ಟೆಯಂಥ ನುಣುಪು ಆಕಾರಕ್ಕೆ ಹೊಂದುವ ಸೂತ್ರ. ಕೊಕ್ಕಿರುವ ತೋತಾಪುರಿಗೆ ಹೊಂದುವುದಿಲ್ಲ. ಅದಕ್ಕೇ ಪ್ರತಿ ತಳಿಯ ಒಂದಷ್ಟು ಹಣ್ಣುಗಳನ್ನು ತಕ್ಕಡಿಯಲ್ಲಿ ತೂಗಿ ಸೂತ್ರವನ್ನು ತಿದ್ದಿಕೊಳ್ಳಬೇಕು.

ಮರದ ಮೇಲಿನ ಹಣ್ಣಿನ ಪಕ್ಕ ನಾಣ್ಯ ಇಡೋಕಾಗಲ್ಲ. ಅಲ್ಲಿ ದೂರವನ್ನೂ ಅಳೆಯುವ ಡೆಪ್ತ್ ಕ್ಯಾಮೆರಾ ಬೇಕು. ಆಸ್ಟ್ರೇಲಿಯಾದ ಸೆಂಟ್ರಲ್ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯ ಸಂಶೋಧಕರು 2017ರಲ್ಲಿ ಹೀಗೆ ಮರದಲ್ಲೇ ಮಾವು ಅಳೆದರು. ಉದ್ದದಲ್ಲಿ ಸುಮಾರು 5 ಮಿಲಿಮೀಟರ್ ಆಚೀಚೆ ಬಂತು. ಎಲೆಯ ಮರೆಯಲ್ಲಿ ಅರ್ಧ ಕಂಡ ಹಣ್ಣನ್ನು ಅಳತೆಗೆ ಸೇರಿಸುವಂತಿಲ್ಲ, ಆದರೆ ಇಡೀ ತೋಪಿನ ಫಸಲು ಹೇಳಬೇಕಾದರೆ ಅದನ್ನೂ ಎಣಿಸಲೇಬೇಕು. ಸದ್ಯಕ್ಕೆ ಅತಿ ಕಷ್ಟದ ಕೆಲಸ ಇದೇ.